ಆಮೆಗಳ ಮುಂದಾಳು ಎವರೆಟ್ ಬೋಮನ್

ಅಮೇರಿಕದ ದನಗಾಹಿ ಎಂದೊಡನೆ ನಮ್ಮ ವಾಚಕರ ಕಣ್ಣ ಮುಂದೆ ನಿಲ್ಲುವುದು ಬೆಳ್ಳಿತೆರೆಯ ಮೇಲೆ ಕುದುರೆಯೇರಿ, ಸೊಂಟದಲ್ಲಿ ಪಿಸ್ತೂಲು ಸಿಗಿಸಿಕೊಂಡು, ಧೂಳೆಬ್ಬಿಸುತ್ತ ಬರುವ ವೀರನ ಚಿತ್ರ. ಆತನ ಸಂಪಾದನೆ ಎಷ್ಟು, ಕಾಲು ಮುರಿದರೆ ವೈದ್ಯನಿಗೆ ಹಣ ತೆರುವವರಾರು, ಮುಂದಿನ ಊರಿಗೆ ಹೋಗಲು ದಾರಿ ಖರ್ಚು ಎಲ್ಲಿಂದ ಎಂಬ ವಿಚಾರಗಳು ಆ ತೆರೆಯ ಮೇಲೆ ಬರುವುದೇ ಇಲ್ಲ. ತೆರೆಯ ಮೇಲೆ ಬಾರದ ಈ ವಿಚಾರಗಳಿಗಾಗಿಯೇ ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು ಸವೆಯಿಸಿದವರು ಅರಿಝೋನಾ ರಾಜ್ಯದ ಪಶುಪಾಲಕರಾದ ಎವರೆಟ್ ಬೋಮನ್ನರು. ದೂರದೇಶದ ಈ ಮಹನೀಯರ ಹೆಸರು ನಮ್ಮಲ್ಲಿ ಕೇಳಿದವರು ವಿರಳ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ದುಡಿಯುತ್ತಿರುವ ನಮಗೆ ಅವರ ಚರಿತ್ರೆಯು ಪರಕೀಯವೆಂದು ತೋರಲಾರದು.

ಬೋಮನ್ನರು ಜನಿಸಿದ್ದು 1899ರಲ್ಲಿ, ನ್ಯೂ ಮೆಕ್ಸಿಕೋದ ಹೋಪ್ ಎಂಬ ಸಣ್ಣ ಊರಿನಲ್ಲಿ. ಆಗ ನ್ಯೂ ಮೆಕ್ಸಿಕೋ ಆಗಲಿ, ನೆರೆಯ ಅರಿಝೋನಾ ಆಗಲಿ ಅಮೇರಿಕದ ಪೂರ್ಣ ಪ್ರಮಾಣದ ರಾಜ್ಯಗಳಾಗಿರಲಿಲ್ಲ. ಎರಡಕ್ಕೂ ಆ ಪದವಿ ದೊರೆತದ್ದು 1912ರಲ್ಲಿ. ಹುಲ್ಲುಗಾವಲು, ಮುಳ್ಳುಗಿಡ, ಬಿಸಿಲು, ದನ, ಕುದುರೆ ಇವಿಷ್ಟೇ ಆ ನಾಡಿನ ಸಂಪತ್ತು. ಅಂಥ ಕಡೆ ಬೆಳೆದ ಹುಡುಗನಿಗೆ ಹಗ್ಗ ಬೀಸುವುದೂ ಕುದುರೆ ಹತ್ತುವುದೂ ನಮ್ಮ ಕರಾವಳಿಯ ಹುಡುಗರಿಗೆ ಈಜು ಬಂದಷ್ಟೇ ಸಹಜವಾಗಿ ಬಂದಿತು. ಮುಂದೆ ಅವರು ಅರಿಝೋನಾದ ಹಿಲ್‌ಸೈಡ್ ಎಂಬಲ್ಲಿ ದನಗಳ ಸಾಕಣೆಯನ್ನು ನಡೆಸಿದರು. ಆದರೆ ದೇಶವೆಲ್ಲ ಅವರ ಹೆಸರನ್ನು ಅರಿತದ್ದು ರೋಡಿಯೋ ಎಂಬ ಆಟದ ಕಣದಲ್ಲಿ.

ರೋಡಿಯೋ ಎಂಬುದು ಸ್ಪಾನಿಷ್ ಮಾತು. ಬಯಲಲ್ಲಿ ಮೇಯಲು ಬಿಟ್ಟ ದನಗಳನ್ನು ಸುತ್ತುವರಿದು ಒಂದೆಡೆ ಕೂಡಿಹಾಕುವುದು ಎಂದು ಅದರ ಅರ್ಥ. ಮೆಕ್ಸಿಕೋದ ದನಗಾಹಿಗಳಿಂದ ಅಮೇರಿಕದವರು ಈ ಕೆಲಸವನ್ನೂ ಅದರ ಹೆಸರನ್ನೂ ಕಲಿತರು. ಕೆಲಸ ಮುಗಿದ ಸಂಜೆ ಯಾರ ಕೈ ಚುರುಕು, ಯಾರ ಕುದುರೆ ಚುರುಕು ಎಂದು ಹುಟ್ಟಿಕೊಂಡ ಪಂಥವೇ ಕ್ರಮೇಣ ಟಿಕೇಟು ಕೊಂಡು ನೋಡುವ ಆಟವಾಯಿತು. ಕೊಯ್ಲು ಮುಗಿದ ಗದ್ದೆಯಲ್ಲಿ ಕೋಣಗಳನ್ನು ಓಡಿಸುವ ಕಂಬಳವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೋಮನ್ನರ ವಿಶೇಷ ಪರಿಣತಿ ಕರುವನ್ನು ಹಗ್ಗದಿಂದ ಹಿಡಿಯುವುದರಲ್ಲಿ ಮತ್ತು ಎತ್ತನ್ನು ಕೈಯಿಂದ ಕೆಡಹುವುದರಲ್ಲಿ. ಮೊದಲನೆಯದರಲ್ಲಿ ಕರುವನ್ನು ಮುಂದಾಗಿ ಓಡಬಿಡುತ್ತಾರೆ; ಸವಾರನು ಹಿಂದಿನಿಂದ ಕುದುರೆ ಓಡಿಸಿ ಕುಣಿಕೆಯನ್ನು ಅದರ ಕೊರಳಿಗೆ ಎಸೆದು, ಹಾರಿ ಇಳಿದು, ಅದನ್ನು ನೆಲಕ್ಕೆ ಕೆಡವಿ, ಮೂರು ಕಾಲುಗಳನ್ನು ಸಣ್ಣ ಹಗ್ಗದಿಂದ ಬಿಗಿದು ಕೈಯೆತ್ತಬೇಕು. ಲೆಕ್ಕವೆಲ್ಲ ಸೆಕೆಂಡುಗಳಲ್ಲಿ. ಎರಡನೆಯದರಲ್ಲಿ ಓಡುವ ಕುದುರೆಯಿಂದ ಓಡುವ ಎತ್ತಿನ ಕೊಂಬಿನ ಮೇಲೆಯೇ ಧುಮುಕಿ ಅದನ್ನು ಮಗ್ಗುಲಾಗಿ ಮಲಗಿಸಬೇಕು. ಟೆಕ್ಸಾಸಿನ ಕರಿಯ ದನಗಾಹಿ ಬಿಲ್ ಪಿಕೆಟ್ ಎಂಬಾತನು ಪ್ರಸಿದ್ಧಿಗೆ ತಂದ ವಿದ್ಯೆಯಿದು. 1929ರಿಂದ 1938ರ ವರೆಗಿನ ಅವಧಿಯಲ್ಲಿ ಬೋಮನ್ನರು ಕರು ಹಿಡಿಯುವುದರಲ್ಲಿ ಮೂರು ಬಾರಿ, ಎತ್ತು ಕೆಡಹುವುದರಲ್ಲಿ ನಾಲ್ಕು ಬಾರಿ, ಎತ್ತನ್ನು ಹಗ್ಗದಿಂದ ಹಿಡಿಯುವುದರಲ್ಲಿ ಒಮ್ಮೆ ವಿಶ್ವವಿಜೇತರೆನಿಸಿದರು. ಇವೆಲ್ಲಕ್ಕೂ ಮಿಗಿಲಾದ ಸರ್ವಾಂಗ ವಿಜೇತ ಪದವಿ 1935ರಲ್ಲೂ 1937ರಲ್ಲೂ ಅವರ ಪಾಲಾಯಿತು. ಒಟ್ಟು ಹತ್ತು.

ಇಷ್ಟೇ ಆಗಿದ್ದರೆ ಅವರು ಒಬ್ಬ ಗಟ್ಟಿಗ ಆಟಗಾರರು ಎಂದು ಹೇಳಿ ಸುಮ್ಮನಾಗಬಹುದಿತ್ತು.

ರೋಡಿಯೋದ ಆರ್ಥಿಕ ವ್ಯವಸ್ಥೆಯನ್ನು ಇಲ್ಲಿ ತುಸು ತಿಳಿಯುವುದು ಅವಶ್ಯ. ಕಣಕ್ಕಿಳಿಯುವ ದನಗಾಹಿಗೆ ಸಂಬಳವಿಲ್ಲ. ಆತನೇ ತನ್ನ ಜೇಬಿನಿಂದ ಪ್ರವೇಶ ಶುಲ್ಕ ತೆರಬೇಕು. ಊರಿಂದೂರಿಗೆ ಹೋಗುವ ಖರ್ಚು, ವಸತಿ, ಊಟ, ಕುದುರೆಯ ಮೇವು, ಮೂಳೆ ಮುರಿದರೆ ಆಸ್ಪತ್ರೆ ಎಲ್ಲವೂ ಆತನದೇ. ಗೆದ್ದರೆ ಬಹುಮಾನ, ಸೋತರೆ ಬರಿಗೈ. ಪ್ರೇಕ್ಷಕರ ಟಿಕೇಟಿನ ಹಣ ಸಂಘಟಕನಿಗೆ ಹೋಗುತ್ತಿತ್ತು. ಅನೇಕ ಕಡೆ ದನಗಾಹಿಗಳು ಕಟ್ಟಿದ ಪ್ರವೇಶ ಶುಲ್ಕವೂ ಬಹುಮಾನದ ಗಂಟಿಗೆ ಸೇರದೆ ಅವನಲ್ಲೇ ಉಳಿಯುತ್ತಿತ್ತು. ತಾವು ಕಟ್ಟಿದ ಶುಲ್ಕದ ಮೊತ್ತಕ್ಕಿಂತ ಬಹುಮಾನದ ಮೊತ್ತವೇ ಕಡಿಮೆ ಎಂದು ದನಗಾಹಿಗಳು ದೂರುತ್ತಿದ್ದ ಸಂದರ್ಭಗಳೂ ಉಂಟು. ತೀರ್ಪುಗಾರರಾಗಿ ಹಗ್ಗವನ್ನು ಎಂದೂ ಮುಟ್ಟದ ಊರ ಗಣ್ಯರನ್ನು ಕೂರಿಸುವ ಪದ್ಧತಿಯೂ ಇತ್ತು. 1929ರಲ್ಲಿ ಸಂಘಟಕರು ರೋಡಿಯೋ ಅಸೋಸಿಯೇಷನ್ ಆಫ್ ಅಮೇರಿಕ ಎಂಬ ಸಂಸ್ಥೆಯನ್ನು ಕಟ್ಟಿ, ಅಂಕಗಳನ್ನು ಎಣಿಸಿ ವರ್ಷದ ವಿಜೇತರನ್ನು ಸಾರಲು ಆರಂಭಿಸಿದರು. ಹೀಗೆ ಯಜಮಾನರಿಗೆ ಸಂಘವಿತ್ತು. ಮೈಮುರಿಯುವವರಿಗೆ ಇರಲಿಲ್ಲ.

1936ರ ಅಕ್ಟೋಬರ್ ಕೊನೆಯಲ್ಲಿ ಸಹನೆಯ ಕಟ್ಟೆ ಒಡೆಯಿತು. ಟೆಕ್ಸಾಸಿನ ಕರ್ನಲ್ ಡಬ್ಲ್ಯು. ಟಿ. ಜಾನ್ಸನ್ ಅಂದಿನ ಅತಿ ದೊಡ್ಡ ಸಂಘಟಕರಲ್ಲಿ ಒಬ್ಬರು. ನ್ಯೂಯಾರ್ಕಿನ ಆಟ ಮುಗಿಸಿ ಅವರು ಬೋಸ್ಟನ್ ಗಾರ್ಡನ್ನಿಗೆ ಬಂದಿದ್ದರು. ಅಲ್ಲಿ 61 ದನಗಾಹಿಗಳು ಒಂದು ಅರ್ಜಿಗೆ ರುಜು ಹಾಕಿ ಮುಂದಿಟ್ಟರು. ಬಹುಮಾನದ ಹಣವನ್ನು ಇಮ್ಮಡಿಗೊಳಿಸಬೇಕು, ಪ್ರವೇಶ ಶುಲ್ಕವನ್ನೂ ಅದಕ್ಕೆ ಕೂಡಿಸಬೇಕು. ಇಲ್ಲವಾದರೆ ಕಣಕ್ಕೆ ಇಳಿಯುವುದಿಲ್ಲ. ಜಾನ್ಸನ್ನರು ಒಪ್ಪಲಿಲ್ಲ. ಕೈಗೆ ಸಿಕ್ಕವರನ್ನು ಕಣಕ್ಕಿಳಿಸಿ ಆಟ ನಡೆಸಲು ನೋಡಿದರು. ದುಡ್ಡು ಕೊಟ್ಟು ಬಂದ ಪ್ರೇಕ್ಷಕರು ಆ ಆಟವನ್ನು ಕಂಡು ಕೂಗೆಬ್ಬಿಸಿದರು. ಗಾರ್ಡನ್ನಿನ ಆಡಳಿತದವರಿಂದಲೂ ಒತ್ತಡ ಬಂದ ಮೇಲೆ ಕರ್ನಲ್ಲರು ಮಣಿದರು. ಮರುವರ್ಷವೇ ಅವರು ತಮ್ಮ ರೋಡಿಯೋ ವ್ಯವಹಾರವನ್ನು ಮಾರಿದರು.

ಗೆದ್ದ ದನಗಾಹಿಗಳು ಅಲ್ಲಿಯೇ ಸಂಘ ಕಟ್ಟಿ ಅದಕ್ಕೆ ‘ದನಗಾಹಿಗಳ ಆಮೆ ಸಂಘ’ ಎಂದು ಹೆಸರಿಟ್ಟರು. ಒಗ್ಗೂಡುವುದರಲ್ಲಿ ಆಮೆಯಂತೆ ನಿಧಾನಿಸಿದರೂ ಕೊನೆಗೊಮ್ಮೆ ಕೊರಳನ್ನು ಹೊರಚಾಚಿದೆವು ಎಂಬುದು ಅವರ ವಿನೋದ. ನಮ್ಮಲ್ಲಿ ಆಮೆಯು ಅಂಗಗಳನ್ನು ಒಳಗೆಳೆದುಕೊಳ್ಳುವುದು ಸ್ಥಿತಪ್ರಜ್ಞನ ಲಕ್ಷಣ. ಅವರಿಗೆ ತಲೆ ಹೊರಗಿಟ್ಟ ಆಮೆಯೇ ಆದರ್ಶ. ಎರಡಕ್ಕೂ ಅದರದರ ಕಾಲವಿದೆಯೆಂದು ಕಾಣುತ್ತದೆ.

ಈ ಸಂಘದ ಆರಂಭದ ದಿನಗಳಿಂದ 1945ರ ವರೆಗೆ ಅಧ್ಯಕ್ಷ ಪೀಠದಲ್ಲಿದ್ದವರು ಬೋಮನ್ನರು. ಅವರ ಆಯ್ಕೆಯಲ್ಲಿ ಒಂದು ಮರ್ಮವಿದೆ. ಹೋಟೆಲಿನ ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತವನಾಗಿ ಅದನ್ನು ನಾನು ಬಲ್ಲೆ. ಲೋಟ ತೊಳೆಯುವ ಹುಡುಗನು ಸಂಬಳ ಸಾಲದೆಂದು ಕೆಲಸ ಬಿಟ್ಟರೆ ಮಾಲಿಕನು ನಾಳೆ ಇನ್ನೊಬ್ಬನನ್ನು ಊರಿಂದ ಕರೆಸುತ್ತಾನೆ. ಯಾವನ ಕೈಯ ಸಾಂಬಾರಿಗಾಗಿ ಗಿರಾಕಿಗಳು ಸಾಲು ನಿಲ್ಲುತ್ತಾರೋ ಆ ಅಡುಗೆಯ ಭಟ್ಟನು ಆ ಹುಡುಗನ ಪರವಾಗಿ ಸೌಟು ಕೆಳಗಿಟ್ಟನೆಂದರೆ ಮಾತ್ರ ಮಾಲಿಕನು ಮಾತಿಗೆ ಕೂರುತ್ತಾನೆ. ಬೋಮನ್ನರು ಅಂಥ ಭಟ್ಟರು. ಅವರಿಲ್ಲದ ಕಣವನ್ನು ನೋಡಲು ಜನ ಬರುತ್ತಿದ್ದರೇ ಎಂಬ ಪ್ರಶ್ನೆ ಪ್ರತಿಯೊಬ್ಬ ಸಂಘಟಕನನ್ನೂ ಕಾಡುತ್ತಿತ್ತು. ಸಂಘವು ಬಹಿಷ್ಕರಿಸಿದ ರೋಡಿಯೋದಲ್ಲಿ ಅಧ್ಯಕ್ಷರೂ ಆಡುವಂತಿರಲಿಲ್ಲ. ಅಂಕಗಳು ಬರುತ್ತಿದ್ದುದಾದರೋ ಆ ಸಂಘಟಕರ ಆಟಗಳಿಂದಲೇ. ಪ್ರತಿ ಬಹಿಷ್ಕಾರವೂ ಮೊದಲು ತಟ್ಟುತ್ತಿದ್ದುದು ಗೆಲ್ಲುವ ಯೋಗ್ಯತೆಯುಳ್ಳವರಿಗೆ, ಎಂದರೆ ಬೋಮನ್ನರಂಥವರಿಗೆ.

ಅವರು ತಮ್ಮವರನ್ನೂ ಬಿಗಿಯಲ್ಲಿಟ್ಟರೆಂಬುದು ನನಗೆ ವಿಶೇಷವಾಗಿ ಮೆಚ್ಚಿಕೆಯಾದ ಸಂಗತಿ. ಬಹಿಷ್ಕಾರ ಮುರಿದವನಿಗೆ ದಂಡವಿದ್ದಂತೆಯೇ, ಸಭ್ಯತೆ ಮೀರಿ ನಡೆದು ಸಂಘಕ್ಕೆ ಕೆಟ್ಟ ಹೆಸರು ತಂದ ಸದಸ್ಯನಿಗೂ ದಂಡವಿತ್ತು. ಹಕ್ಕು ಕೇಳುವವನ ನಡತೆಯನ್ನು ಎದುರು ಪಕ್ಷದವರು ದುರ್ಬೀನು ಹಾಕಿ ನೋಡುತ್ತಾರೆಂಬುದು ಆ ಪಶುಪಾಲಕರಿಗೆ ಯಾವ ಪುಸ್ತಕವೂ ಹೇಳಿಕೊಡದೆ ತಿಳಿದಿತ್ತು. ಹಾಗೆಂದು ಎದುರು ಪಕ್ಷದವರೆಲ್ಲರೂ ದುಷ್ಟರೆಂದಲ್ಲ. ಸಣ್ಣ ಊರುಗಳ ರೋಡಿಯೋ ಸಮಿತಿಗಳಲ್ಲಿ ಲಾಭಕ್ಕಾಗಿ ಅಲ್ಲದೆ ಊರಿನ ಹಬ್ಬವೆಂದು ದುಡಿಯುವವರೂ ಇದ್ದರು. ಹೆಚ್ಚಿನ ಬಹುಮಾನದ ಬೇಡಿಕೆ ಅವರಿಗೆ ಭಾರವಾಯಿತು. ದೊಡ್ಡ ಸಂಘಟಕರಿಗೂ ನೂರಾರು ಜಾನುವಾರುಗಳ ರೈಲು ಬಾಡಿಗೆ, ಮೇವು, ಮಂದಿರದ ಬಾಡಿಗೆ ಇದ್ದೇ ಇತ್ತು. ಬಂಡವಾಳ ಹಾಕಿದವನ ರಾತ್ರಿಯ ನಿದ್ದೆ ಹೇಗಿರುತ್ತದೆಂಬುದು ಹಾಕಿದವನಿಗೇ ಗೊತ್ತು. ಆದರೂ ಅನ್ಯರ ಶುಲ್ಕದ ಹಣವನ್ನೇ ಅವರಿಗೆ ಬಹುಮಾನವಾಗಿ ಕೊಡಲು ಹಿಂದೆಗೆಯುವುದಕ್ಕೆ ಯಾವ ಸಮರ್ಥನೆಯೂ ನನಗೆ ತೋರುವುದಿಲ್ಲ.

ಸಂಘದ ನ್ಯಾಯಕ್ಕೂ ಒಂದು ಎಲ್ಲೆಯಿತ್ತು. ಅಂದಿನ ಕಣಗಳಲ್ಲಿ ಸ್ತ್ರೀಯರೂ ಪಳಗದ ಕುದುರೆಗಳನ್ನು ಏರುತ್ತಿದ್ದರು. 1929ರಲ್ಲಿ ಪೆಂಡಲ್‌ಟನ್ನಿನ ಕಣದಲ್ಲಿ ಬಿದ್ದು ಬಾನಿ ಮೆಕ್ಯಾರಲ್ ಎಂಬಾಕೆ ಮೃತಳಾದ ಬಳಿಕ ಅನೇಕ ಕಡೆ ಅವರ ಸ್ಪರ್ಧೆಗಳು ಕ್ಷೀಣಿಸಿದವು. ಪುರುಷರ ಬಹುಮಾನಕ್ಕಾಗಿ ಕೊರಳು ಚಾಚಿದ ಆಮೆಗಳು ಅವರ ಸ್ಪರ್ಧೆಗಳನ್ನು ಉಳಿಸಿಕೊಡಲಿಲ್ಲ. 1948ರಲ್ಲಿ 38 ಮಂದಿ ಸ್ತ್ರೀಯರು ಟೆಕ್ಸಾಸಿನ ಸ್ಯಾನ್ ಆಂಜೆಲೋದಲ್ಲಿ ಸೇರಿ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು. ಇನ್ನು ಆ ಮೂಕ ಪ್ರಾಣಿಗಳ ಮಾತು. ಬ್ರಿಟನ್ನಿನಲ್ಲಿ 1934ರಷ್ಟು ಹಿಂದೆಯೇ ಕಾನೂನು ಈ ಆಟಕ್ಕೆ ಕಡಿವಾಣ ಹಾಕಿತು. ನಮ್ಮ ಕಂಬಳವೂ 2014ರ ತೀರ್ಪಿನಿಂದ 2023ರ ತೀರ್ಪಿನ ವರೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತಿದ್ದನ್ನು ನೆನೆದರೆ ಈ ವಾದ ಅಮೇರಿಕಕ್ಕೆ ಮಾತ್ರ ಸೇರಿದ್ದಲ್ಲ.

1945ರಲ್ಲಿ ಬೋಮನ್ನರು ಅಧಿಕಾರ ಬಿಟ್ಟಾಗ ಸಂಘವೂ ಆಮೆಯ ಹೆಸರನ್ನು ಬಿಟ್ಟು ರೋಡಿಯೋ ಕೌಬಾಯ್ಸ್ ಅಸೋಸಿಯೇಷನ್ ಆಯಿತು. ಟೆಕ್ಸಾಸಿನ ಟೂಟ್ಸ್ ಮ್ಯಾನ್ಸ್‌ಫೀಲ್ಡ್ ಅಧ್ಯಕ್ಷರಾದರು. 1959ರಲ್ಲಿ ವರ್ಷದ ಅಂತಿಮ ಸ್ಪರ್ಧೆಯಾದ ರಾಷ್ಟ್ರೀಯ ರೋಡಿಯೋ ಆರಂಭವಾಯಿತು. 1975ರಲ್ಲಿ ಹೆಸರಿಗೆ ‘ಪ್ರೊಫೆಷನಲ್’ ಎಂಬ ಮಾತು ಸೇರಿತು. ಇಂದಿಗೂ ಅಮೇರಿಕದ ದೊಡ್ಡ ರೋಡಿಯೋಗಳು ನಡೆಯುವುದು ಬೋಸ್ಟನ್ನಿನ ಆ ಅರ್ಜಿಯಿಂದ ಹುಟ್ಟಿದ ಸಂಸ್ಥೆಯ ನಿಯಮಗಳಿಗೆ ಅನುಸಾರವಾಗಿಯೇ.

ಕುದುರೆಯ ಮೇಲಿನಿಂದ ಎತ್ತಿನ ಕೊಂಬಿಗೆ ಧುಮುಕುತ್ತಿದ್ದ ಜೀವವು ವೃದ್ಧಾಪ್ಯದಲ್ಲೂ ನೆಲಕ್ಕೆ ಅಂಟಿಕೊಂಡಿರಲಿಲ್ಲ. ಬೋಮನ್ನರು ಸ್ವತಃ ವಿಮಾನ ಹಾರಿಸುತ್ತಿದ್ದರು. 1971ರ ಅಕ್ಟೋಬರಿನಲ್ಲಿ ಅವರು ನಡೆಸುತ್ತಿದ್ದ ವಿಮಾನವೇ ಬಿದ್ದು ದಿವಂಗತರಾದರು. ಆಗ ಅವರಿಗೆ 72 ವರ್ಷ. 1979ರಲ್ಲಿ ಕೊಲರಾಡೋದಲ್ಲಿ ರೋಡಿಯೋ ಗೌರವ ಮಂದಿರವು ತೆರೆದಾಗ ಮೊದಲ ಸಾಲಿನಲ್ಲಿಯೇ ಅವರ ಹೆಸರನ್ನು ಬರೆದರು. ಅರಿಝೋನಾದ ವಿಕೆನ್‌ಬರ್ಗ್ ಎಂಬ ಊರಿನ ರೋಡಿಯೋ ಮೈದಾನಕ್ಕೆ ಅವರದೇ ಹೆಸರು. ಅಲ್ಲಿ ಫೆಬ್ರುವರಿಯ ಉತ್ಸವದ ದಿನಗಳಲ್ಲಿ ಇಂದಿಗೂ ಕರುಗಳ ಹಿಂದೆ ಹಗ್ಗ ಬೀಸುತ್ತಾರೆ.