ಲೋಹಶೋಧಕದ ಶ್ರುತಿ ಕೂಡಿಸುವ ಬಗೆ

ನಾಗಮಂಗಲವು ಲೋಹದ ಎರಕಕ್ಕೆ ಹೆಸರಾದ ಊರು. ಕಂಚಿನ ವಿಗ್ರಹಗಳನ್ನು ಎರಕ ಹೊಯ್ಯುವ ಕುಶಲಕರ್ಮಿಗಳು ಅಲ್ಲಿ ಬಹುಕಾಲದಿಂದ ನೆಲಸಿದ್ದಾರೆ. ಕಂಚಿನ ಪಾತ್ರೆಯನ್ನು ಬೆರಳಿನಿಂದ ತಟ್ಟಿದರೆ ಅದರ ನಾದವೇ ಅದರ ಗುಣವನ್ನು ಸಾರುತ್ತದೆ. ಕಣ್ಣಿಗೆ ಕಾಣುವ ಲೋಹವನ್ನು ಹೀಗೆ ಪರೀಕ್ಷಿಸಬಹುದು. ಮಣ್ಣಿನಲ್ಲಿ ಹುದುಗಿರುವ ಲೋಹವನ್ನು ತಟ್ಟುವುದೆಂತು? ಆ ಕೆಲಸಕ್ಕೆ ಲೋಹಶೋಧಕವಿದೆ. ಇಂದು ಅದು ಹವ್ಯಾಸಿಗಳ ಕೈಗೂ ಬಂದಿದೆ. ಆದರೆ ಶಬ್ದ ಜೋರಾದಷ್ಟೂ ಆಳದ ವಸ್ತು ಸಿಕ್ಕೀತೆಂದು ಭಾವಿಸಿ ಧ್ವನಿಯ ಬಿರಡೆಯನ್ನು ಕೊನೆಯವರೆಗೆ ತಿರುಗಿಸುವವರು ಅನೇಕರು. ಇದು ಬರಿಯ ಭ್ರಮೆ.

ಲೋಹ ದನಿಗೊಡುವ ಪರಿ

ಶೋಧಕದ ತುದಿಯಲ್ಲಿರುವ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಇದರಿಂದ ಉಂಟಾದ ಕಾಂತಕ್ಷೇತ್ರವು ನೆಲದೊಳಗಣ ಲೋಹವನ್ನು ಮುಟ್ಟಿದಾಗ ಆ ಲೋಹದಲ್ಲಿ ಸುಳಿವಿದ್ಯುತ್ತು ಹುಟ್ಟುತ್ತದೆ. ಸುಳಿವಿದ್ಯುತ್ತು ತನ್ನದೇ ಆದ ಕಿರುಕ್ಷೇತ್ರವನ್ನು ಮರಳಿ ಕಳುಹಿಸುತ್ತದೆ. ಈ ಅಲ್ಪ ವ್ಯತ್ಯಾಸವನ್ನೇ ಉಪಕರಣವು ಶಬ್ದವಾಗಿ ಮಾರ್ಪಡಿಸುತ್ತದೆ.

ಕಿವಿಯನ್ನು ನಂಬಿದ ಈ ವಿಧಾನ ಹೊಸದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದಲ್ಲಿ ಸಿಕ್ಕಿಕೊಂಡ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹ ಸುರುಳಿಗಳಿಗೆ ಟೆಲಿಫೋನಿನ ಶ್ರವಣಭಾಗವನ್ನು ಜೋಡಿಸಿ ಆಲಿಸಿದನು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳೂ ದನಿಗೊಟ್ಟು ಗೊಂದಲವನ್ನುಂಟುಮಾಡಿದವು, ಗುಂಡು ಸಿಗಲಿಲ್ಲ. ಉಪಕರಣಕ್ಕೆ ಕೇಳುವುದೆಲ್ಲವೂ ನಮಗೆ ಬೇಕಾದುದಲ್ಲ ಎಂಬ ಪಾಠ ಅಂದೇ ದೊರೆಯಿತು.

ಆಧಾರಶ್ರುತಿ

ಸಂಗೀತಗಾರನಿಗೆ ತಂಬೂರಿ ಹೇಗೋ ಶೋಧಕನಿಗೆ 'ಥ್ರೆಶೋಲ್ಡ್' ಹಾಗೆ. ಲೋಹವಿಲ್ಲದಾಗಲೂ ಎಡೆಬಿಡದೆ ಕೇಳುತ್ತಿರುವ ಸಣ್ಣ ಗುಂಯ್‌ಗುಟ್ಟುವಿಕೆ ಇದು; ಇದನ್ನು ನಾವು ಆಧಾರಶ್ರುತಿ ಎನ್ನೋಣ. ಎಲ್ಲ ಶೋಧಕಗಳಲ್ಲಿ ಇದು ಇರುವುದಿಲ್ಲ; ಇರುವಲ್ಲಿ ಇದನ್ನು ಕಿವಿಗೆ ಕೇಳಿಯೂ ಕೇಳದಷ್ಟು ಮೆಲ್ಲಗೆ ಇರಿಸತಕ್ಕದ್ದು. ಏಕೆ? ಸದ್ದಿನಲ್ಲಿ ಆಗುವ ಬದಲಾವಣೆ ನಮಗೆ ತಿಳಿಯಬೇಕಾದರೆ ಅದು ಮೊದಲಿದ್ದ ಸದ್ದಿನ ಒಂದು ತಕ್ಕಷ್ಟು ಅಂಶವಾದರೂ ಆಗಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೇಬರ್ ನಮ್ಮ ಇಂದ್ರಿಯಗಳಲ್ಲಿ ಕಂಡುಕೊಂಡ ನಿಯಮವಿದು. ನಡುರಾತ್ರಿ ಬಿದ್ದ ಸೂಜಿಯ ಸದ್ದು ಕೇಳಿಸುತ್ತದೆ, ಸಂತೆಯಲ್ಲಿ ಬಿದ್ದ ತಂಬಿಗೆಯ ಸದ್ದೂ ಕೇಳಿಸದು. ಆಧಾರಶ್ರುತಿ ಜೋರಾದರೆ ಆಳದ ಸಣ್ಣ ಸೂಚನೆ ಅದರಲ್ಲಿ ಮುಳುಗಿಹೋಗುತ್ತದೆ. ಪೂರ್ತಿ ಅಡಗಿಸಿದರೆ ಆ ಸೂಚನೆ ಶ್ರವಣದ ಮಟ್ಟಕ್ಕೆ ಏರದೆಯೇ ಉಳಿಯುತ್ತದೆ.

ಗಟ್ಟಿತನ ಬೇರೆ, ಸೂಕ್ಷ್ಮತೆ ಬೇರೆ

ಧ್ವನಿಯ ಬಿರಡೆಯು ಶಬ್ದವನ್ನು ಹಿಗ್ಗಿಸುವುದೇ ಹೊರತು ಸುರುಳಿಯ ಶಕ್ತಿಯನ್ನು ಹೆಚ್ಚಿಸದು. ಮೇಲ್ಪದರದಲ್ಲಿರುವ ದೊಡ್ಡ ಲೋಹವು ಒಮ್ಮೆಲೆ ಅರಚಿದರೆ ಶ್ರವಣಸಾಧನ ಧರಿಸಿದ ಕಿವಿಗೆ ಅಪಾಯವಾದೀತು. ಆದುದರಿಂದ ಅತಿ ಬಲವಾದ ಸೂಚನೆಯೂ ಹಿತವಾಗಿ ಕೇಳುವಷ್ಟಕ್ಕೆ ಧ್ವನಿಯನ್ನು ಮಿತಗೊಳಿಸಬೇಕು. ಸೂಕ್ಷ್ಮತೆಯ ಬಿರಡೆಯಾದರೋ ಉಪಕರಣವು ಎಷ್ಟು ಸಣ್ಣ ವ್ಯತ್ಯಾಸವನ್ನು ಗಮನಕ್ಕೆ ತಂದುಕೊಳ್ಳಬೇಕೆಂಬುದನ್ನು ಗೊತ್ತುಪಡಿಸುತ್ತದೆ. ಅದನ್ನು ಮಿತಿಮೀರಿ ಏರಿಸಿದರೆ ಹತ್ತಿರದ ವಿದ್ಯುತ್ ತಂತಿಗಳೂ ಮಣ್ಣೂ ಸೇರಿ ಚಟಪಟ ಸದ್ದೆಬ್ಬಿಸುತ್ತವೆ.

ನಾಗಮಂಗಲದ ಸುತ್ತ ಕೆಂಪು ಮಣ್ಣು ಹೇರಳ. ಆ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಇಂತಹ ನೆಲವೇ ಶೋಧಕಕ್ಕೆ ಉತ್ತರ ಕೊಡುವುದುಂಟು. ಮೊದಲು ಆಧಾರಶ್ರುತಿಯನ್ನು ಸ್ಪಷ್ಟವಾಗಿ ಕೇಳುವಂತೆ ಇಟ್ಟುಕೊಂಡು, ಲೋಹವಿಲ್ಲದ ಜಾಗದಲ್ಲಿ ಸುರುಳಿಯನ್ನು ನೆಲದಿಂದ ಮೇಲಕ್ಕೆತ್ತಿ ಇಳಿಸಬೇಕು. ಶ್ರುತಿ ಏರಿಳಿಯದಂತೆ ನೆಲದ ಸಮತೋಲವನ್ನು ಹೊಂದಿಸಬೇಕು. ಬಳಿಕ ಚಟಪಟ ಸದ್ದು ಅಡಗುವವರೆಗೆ ಸೂಕ್ಷ್ಮತೆಯನ್ನು ಇಳಿಸಬೇಕು. ಕೊನೆಗೆ ಆಧಾರಶ್ರುತಿಯನ್ನು ಮತ್ತೆ ಮೆಲ್ಲಗಾಗಿಸಬೇಕು.

ಶ್ರುತಿಭೇದ

ಹಲವು ಶ್ರುತಿಗಳುಳ್ಳ ಶೋಧಕಗಳು ಸಾಮಾನ್ಯವಾಗಿ ಕಬ್ಬಿಣಕ್ಕೆ ಮಂದ್ರವನ್ನೂ ತಾಮ್ರ ಬೆಳ್ಳಿಗಳಿಗೆ ತಾರವನ್ನೂ ಹೊರಡಿಸುತ್ತವೆ. ಎತ್ತಿನ ಲಾಳದ ಮೊಳೆಗಳು ಉದುರಿರುವ ಹೊಲದಲ್ಲಿ ಇದು ಬಹಳ ಉಪಯುಕ್ತ. ಆದರೆ ಶ್ರುತಿಯು ಲೋಹದ ಹೆಸರಲ್ಲ. ಅಗಲವಾದ ಕಬ್ಬಿಣದ ತಗಡೂ ತಾರದಲ್ಲಿ ಹಾಡಿ ಮೋಸಗೊಳಿಸಬಲ್ಲುದು. ಮನೆಯ ಹಿತ್ತಿಲಲ್ಲಿ ಒಂದು ಮೊಳೆ, ಒಂದು ಹಿತ್ತಾಳೆಯ ಮುಚ್ಚಳ, ಒಂದು ತಗಡು ಇವನ್ನು ಬೇರೆ ಬೇರೆ ಆಳದಲ್ಲಿ ಹೂಳಿ, ಸುರುಳಿಯನ್ನು ಎರಡು ದಿಕ್ಕಿನಿಂದ ಆಡಿಸಿ ಆಲಿಸಿರಿ. ಎರಡೂ ಕಡೆಯಿಂದ ಒಂದೇ ಸಮನಾದ ದನಿಗೂ ಒಡಕು ದನಿಗೂ ಇರುವ ಭೇದ ಕ್ರಮೇಣ ಕಿವಿಗೆ ಕರಗತವಾಗುವುದು.

ಆಲಿಸಿದ ಮೇಲೆ

ದನಿ ಕೇಳಿದೊಡನೆ ಹಾರೆ ಹಿಡಿಯುವುದು ಎಲ್ಲೆಡೆಯೂ ಸಲ್ಲದು. ನೆರೆಯ ಶ್ರೀರಂಗಪಟ್ಟಣದ ನೆಲ 1799ರ ಯುದ್ಧವನ್ನು ಕಂಡದ್ದು; ಅಲ್ಲಿ ಸಂರಕ್ಷಿತ ಸ್ಮಾರಕಗಳಿವೆ. ಇಂತಹ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಹುದುಗಿದ ನಿಧಿ ಸಿಕ್ಕರೆ ಜಿಲ್ಲೆಯ ಅಧಿಕಾರಿಗೆ ತಿಳಿಸಬೇಕೆಂದು ಭಾರತದಲ್ಲಿ 1878ರಲ್ಲಿಯೇ ಕಾಯಿದೆಯಾಯಿತು. ಇದಕ್ಕೆ ವಿಜ್ಞಾನದ ಕಾರಣವೂ ಉಂಟು. ಒಂದು ಸೀಸದ ಗುಂಡು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತೆಂಬುದೇ ಚರಿತ್ರಕಾರನಿಗೆ ಸಾಕ್ಷಿ. ಅದನ್ನು ಕಿತ್ತು ಜೇಬಿಗಿಳಿಸಿದರೆ ಉಳಿಯುವುದು ಬರಿಯ ಸೀಸ. ಸಾಕ್ಷಿ ಒಮ್ಮೆ ಅಳಿಸಿಹೋದರೆ ಯಾವ ಉಪಕರಣವೂ ಅದನ್ನು ಮತ್ತೆ ಕೇಳಿಸಲಾರದು.