ದಮ್ಮು ಮತ್ತು ಬೆನ್ನುಮೂಳೆ

ನಮ್ಮತ್ತೆ ಮಧುವನಹಳ್ಳಿಯಲ್ಲಿ 40 ವರ್ಷ ಸೌದೆ ಒಲೆ ಊದಿದವರು. ಬೀಡಿ ಮುಟ್ಟಿದವರಲ್ಲ. ಆದರೂ ಕೆಮ್ಮು, ದಮ್ಮು ಬಂತು. ಒಂದು ದಿನ ನೀರಿನ ಬಿಂದಿಗೆ ಎತ್ತಿದರು. ಬೆನ್ನಲ್ಲಿ ಛಳುಕು ಬಂತು.

"ವಯಸ್ಸಾಯ್ತು ಕಣವ್ವ, ಬೆನ್ನು ನೋಯದೆ ಇರ್ತದಾ?" ಅಂದರು. ನಾವೂ ಎಣ್ಣೆ ತಿಕ್ಕಿ ಸುಮ್ಮನಾದೆವು. ಬರಬರುತ್ತಾ ಬೆನ್ನು ಬಾಗಿತು. ದಮ್ಮು ಹೆಚ್ಚಿತು. ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು. ಬೆನ್ನುಮೂಳೆಯ ಒಂದು ಮಣಿ ಮುರಿದು ಕುಸಿದಿತ್ತು. ಅವರು ಎಲ್ಲೂ ಬಿದ್ದಿರಲಿಲ್ಲ!

ದಮ್ಮಿಗೂ ಮೂಳೆಗೂ ಏನು ನಂಟು?

ದಮ್ಮು ಇದ್ದವರು ಹೆಚ್ಚು ಓಡಾಡುವುದಿಲ್ಲ. ಓಡಾಡದಿದ್ದರೆ ಮೂಳೆ ಸವೆಯುತ್ತದೆ. ಊಟ ಸೇರುವುದಿಲ್ಲ. ಮೈ ಇಳಿಯುತ್ತದೆ. ದಮ್ಮಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯನ್ನು ಪದೇ ಪದೇ ನುಂಗಿದರೂ ಮೂಳೆ ಟೊಳ್ಳಾಗುತ್ತದೆ. ಆಗ ಬಿಂದಿಗೆ ಎತ್ತಿದರೂ ಸಾಕು, ಜೋರಾಗಿ ಕೆಮ್ಮಿದರೂ ಸಾಕು, ಮಣಿ ಕುಸಿಯಬಹುದು.

ಮಣಿ ಕುಸಿದರೆ ಬೆನ್ನು ಬಾಗುತ್ತದೆ. ಎದೆಗೂಡು ಇಕ್ಕಟ್ಟಾಗುತ್ತದೆ. ಉಸಿರಿಗೆ ಜಾಗ ಸಾಲದು. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಒಳಗೇ ನಿಲ್ಲುತ್ತದೆ. ದಮ್ಮು ಮೂಳೆಯನ್ನು ಕೆಡಿಸಿತು. ಕೆಟ್ಟ ಮೂಳೆ ದಮ್ಮನ್ನು ಹೆಚ್ಚಿಸಿತು.

ಒಂದು ಲೆಕ್ಕ ಮಾಡಿ

ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ವೈದ್ಯರು ಪರೀಕ್ಷಿಸಿದರು. 2013ರಲ್ಲಿ ವರದಿ ಬಂತು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಇರುತ್ತೀರಿ? ಅದನ್ನು ವರ್ಷಗಳಿಂದ ಗುಣಿಸಿ. 60 ಮುಟ್ಟಿದರೆ ಬಿಡದ ಕೆಮ್ಮು, ಕಫದ ಅಪಾಯ ಹೆಚ್ಚು.

ದಿನಕ್ಕೆ 4 ಗಂಟೆ, 15 ವರ್ಷ: 4 × 15 = 60.
ನಮ್ಮತ್ತೆಯದು: 4 × 40 = 160.
ನಿಮ್ಮದು: ___ × ___ = ___

ಏನು ಮಾಡಬೇಕು?

1. ದಮ್ಮು ಇದ್ದವರಿಗೆ ಬೆನ್ನು ನೋವು ಬಂದರೆ, ಎತ್ತರ ತಗ್ಗಿದರೆ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಮ್ಮು ಇರುವುದನ್ನೂ ಹೇಳಿ.
2. ಸ್ಟಿರಾಯ್ಡ್ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗಬೇಡಿ. ವೈದ್ಯರು ಕೊಟ್ಟದ್ದನ್ನು ನೀವಾಗಿ ನಿಲ್ಲಿಸಲೂ ಬೇಡಿ.
3. ರಾಗಿ, ಹಾಲು, ಸೊಪ್ಪು, ಕಾಳು ತಿನ್ನಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅದು ಮೂಳೆಗೆ ಬೇಕು.
4. ಆದಷ್ಟು ನಡೆಯಿರಿ. ಬಿಸಿಲು ಮೈಗೆ ಬೀಳಲಿ.
5. ಸೊಂಟ ಬಗ್ಗಿಸಿ ಭಾರ ಎತ್ತಬೇಡಿ.
6. ಗ್ಯಾಸ್ ಇದ್ದರೆ ಅದರಲ್ಲೇ ಅಡುಗೆ ಮಾಡಿ. ಇಲ್ಲದಿದ್ದರೆ ಹೊಗೆ ಹೊರಗೆ ಹೋಗುವಂತೆ ಮಾಡಿ.

ನಮ್ಮತ್ತೆ ಈಗ ಔಷಧಿ ತಗೊಳ್ತಾರೆ. ಬೆಳಗ್ಗೆ ಬೀದಿ ಕೊನೆವರೆಗೆ ನಡೀತಾರೆ. ಬಾಗಿದ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. "ಮೊದಲೇ ಯಾರಾದರೂ ಹೇಳಬಾರದಿತ್ತಾ?" ಅಂತಾರೆ.

ಅಕ್ಕ, ನಿಮಗೆ ಈಗ ಓದು ಬರುತ್ತದೆ. ಪಕ್ಕದ ಮನೆಯ ಅಜ್ಜಿಗೆ ಇದನ್ನು ಓದಿ ಹೇಳುತ್ತೀರಾ?