ಸೀತಾಫಲದ ಕುಲಬಾಂಧವರು

ದಸರೆ ಸಮೀಪಿಸಿತೆಂದರೆ ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ಸಂತೆಗಳಲ್ಲಿ ಸೀತಾಫಲದ ಬುಟ್ಟಿಗಳು ಕಾಣತೊಡಗುವವು. ಬದುವಿನ ಮೇಲೆ, ಗುಡ್ಡದ ಓರೆಯಲ್ಲಿ, ಯಾರೂ ನೀರುಣಿಸದೆ ಬೆಳೆಯುವ ಗಿಡವಿದು. ಆಡು ಇದರ ಎಲೆಯನ್ನು ಮೂಸಿ ಮುಂದೆ ಹೋಗುವದು. ಅಂತೆಯೇ ಬರಗಾಲದಲ್ಲಿಯೂ ಇದು ಉಳಿಯುವದು. ಇಷ್ಟು ಪರಿಚಯದ ಗಿಡದ ಕುಲವನ್ನು ಮಾತ್ರ ನಾವು ವಿಚಾರಿಸುವದಿಲ್ಲ. ಒಕ್ಕಲಿಗನಿಗೆ ಅದರಿಂದೇನು ಎಂದು ಕೇಳಬಹುದು. ಕಾಯಿ ಏಕೆ ಸೊಟ್ಟಾಗುತ್ತದೆ, ಯಾವುದರ ಮೇಲೆ ಯಾವ ಕಸಿ ಕೂಡುತ್ತದೆ, ಬೀಜವೇಕೆ ವಿಷ, ಇವಕ್ಕೆಲ್ಲ ಉತ್ತರ ಸಿಗುವದು ಅಲ್ಲಿಯೇ.

ಹೆಸರಿನಲ್ಲಿ ಸೀತೆಯಿದ್ದರೂ ಈ ಗಿಡ ಅಯೋಧ್ಯೆಯದಲ್ಲ. ಭಾರಹುತದ ಶಿಲ್ಪಗಳಲ್ಲಿ ಸೀತಾಫಲವನ್ನು ಕೆತ್ತಿದ್ದಾರೆಂದು ಕನಿಂಗ್‌ಹ್ಯಾಮ್ ಸಾಹೇಬರು ತಿಳಿದಿದ್ದರು. ಅದು ಬೇರೆ ಹಣ್ಣೆಂದು ವಾದಿಸಿದವರೂ ಉಂಟು. ಆದರೆ ಒಂದು ಮನೆತನದ ಅಣ್ಣತಮ್ಮಂದಿರ ಮನೆಗಳು ಯಾವ ಊರಲ್ಲಿ ಹೆಚ್ಚೋ ಅದೇ ಅವರ ಮೂಲ ಊರಲ್ಲವೇ? ಸೀತಾಫಲದ ಕಾಡು ಅಣ್ಣತಮ್ಮಂದಿರೆಲ್ಲ ಅಮೇರಿಕೆಯ ಉಷ್ಣ ನಾಡುಗಳಲ್ಲಿ, ಕೆಲವರು ಆಫ್ರಿಕೆಯಲ್ಲಿ. ಏಷ್ಯದಲ್ಲಿ ಒಬ್ಬರೂ ಇಲ್ಲ. ಪೋರ್ತುಗೀಜರ ಹಡಗಿನಲ್ಲಿ ಬಂದಿತೆಂಬ ರೂಢಿಯ ಮಾತೇ ನನಗೆ ಸರಿಯೆನಿಸುತ್ತದೆ. ರಾಮಫಲದ ಕಥೆಯೂ ಇದೇ.

ಸ್ವೀಡನ್ನಿನ ಲಿನೇಯಸ್ ಪಂಡಿತನು ೧೭೫೩ರಲ್ಲಿ ಈ ಗಿಡಗಳನ್ನು ‘ಅನ್ನೋನಾ’ ಎಂಬ ಹೆಸರಿನಲ್ಲಿ ಸೇರಿಸಿದನು. ೧೭೮೯ರಲ್ಲಿ ಫ್ರಾನ್ಸಿನ ಜುಸ್ಸಿಯೂ ಅದರ ಸುತ್ತ ಒಂದು ಮನೆತನವನ್ನೇ ಕಟ್ಟಿದನು. ೧೮೫೫ರಲ್ಲಿ ಹೂಕರ್ ಮತ್ತು ಥಾಮ್ಸನ್ ಭಾರತದ ಸದಸ್ಯರನ್ನು ವಿವರಿಸಿದರು. ಈಗ ಲೆಕ್ಕಕ್ಕೆ ಸಿಕ್ಕಿರುವ ಜಾತಿಗಳು ಸುಮಾರು ೨,೪೦೦. ಬಹುಮಟ್ಟಿಗೆ ಎಲ್ಲವೂ ಉಷ್ಣ ನಾಡಿನವೇ.

ಇವರನ್ನು ಗುರುತಿಸುವ ಬಗೆ ಕಠಿಣವಲ್ಲ. ಸೀತಾಫಲದ ಬೀಜವೊಂದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿರಿ. ಒಳತಿರುಳಿನಲ್ಲಿ ಅಡಕೆಯ ಹೋಳಿನಂತೆ ಕಂದು ಗೆರೆಗಳು ಒಳನುಗ್ಗಿರುತ್ತವೆ. ಜಾಜಿಕಾಯಿಯಲ್ಲಿಯೂ ಇಂಥವೇ ಗೆರೆಗಳಿವೆ. ಅಡಕೆಗೆ ಸಂಬಂಧವಿಲ್ಲ, ಅದು ಬರೀ ಹೋಲಿಕೆ. ಜಾಜಿಕಾಯಿ ಮತ್ತು ಸಂಪಿಗೆ ಮಾತ್ರ ಇವರಿಗೆ ನಿಜವಾದ ದೂರದ ನೆಂಟರು. ಇನ್ನು ಹೂವನ್ನು ನೋಡಿದರೆ ಎಲ್ಲವೂ ಮೂರರ ಲೆಕ್ಕ: ಮೂರು ಪುಷ್ಪಪತ್ರ, ಮೂರು ದಪ್ಪನೆಯ ಎಸಳು. ನಡುವೆ ಹಲವಾರು ಕೇಸರ, ಅವುಗಳ ನಡುವೆ ಹಲವಾರು ಅಂಡಕೋಶ.

ಶಾಲೆ ಕಚೇರಿಗಳ ಮುಂದೆ ಕಂಬದಂತೆ ನಿಂತಿರುವ ‘ಅಶೋಕ’ವೂ ಇದೇ ಮನೆತನದ್ದೆಂದರೆ ವಾಚಕರು ಬೆರಗಾದಾರು. ಅದು ಸೀತೆ ಕುಳಿತ ಅಶೋಕವಲ್ಲ. ಕೆಂಪು ಹೂವಿನ ನಿಜವಾದ ಅಶೋಕ ನಮ್ಮ ತೊಗರಿಯ ನೆಂಟ. ಈ ಉದ್ದನೆಯ ಅಶೋಕದ ಕಾಯಿಗಳನ್ನು ನೋಡಿರಿ. ಒಂದು ಹೂವಿನಿಂದಲೇ ಬಿಡಿ ಬಿಡಿ ಕಾಯಿಗಳ ಗೊಂಚಲು ಬಂದಿರುತ್ತದೆ, ಒಂದೊಂದು ಅಂಡಕೋಶವೂ ಒಂದೊಂದು ಕಾಯಿಯಾಗಿದೆ. ಸೀತಾಫಲದಲ್ಲಿ ಅದೇ ಅಂಡಕೋಶಗಳು ಒಂದಕ್ಕೊಂದು ಬೆಸೆದು ಒಂದೇ ಹಣ್ಣಾಗಿವೆ. ಹಣ್ಣಿನ ಮೇಲಿನ ಒಂದೊಂದು ಕಣ್ಣೂ ಹಿಂದೆ ಬೇರೆ ಮನೆ ಮಾಡಿದ್ದ ಒಂದೊಂದು ಕಾಯಿಯೆಂದು ತಿಳಿಯಬೇಕು. ಬಿಡಿಯಾಗಿರುವದೇ ಹಳೆಯ ಪದ್ಧತಿ, ಕೂಡಿಕೊಂಡದ್ದು ಹೊಸತು.

ಹೊರ ಲಕ್ಷಣ ಕೆಲವೊಮ್ಮೆ ಮೋಸ ಮಾಡುವದರಿಂದ ಈಗಿನ ವಿಜ್ಞಾನಿಗಳು ಜೀವಕೋಶದೊಳಗಿನ ವಂಶತಂತುವನ್ನೇ ಓದಿ ಹೋಲಿಸುತ್ತಾರೆ. ಹಾಗೆ ೨೦೧೨ರಲ್ಲಿ ಮನೆತನವನ್ನು ನಾಲ್ಕು ಪಾಲು ಮಾಡಿದರು. ಮೊದಲು ಬೇರೆಯಾದದ್ದು ಅನಾಕ್ಸಗೋರಿಯಾ ಎಂಬ ಒಂಟಿ ಗುಂಪು. ಅತ್ತರಿನ ಇಲಾಂಗ್ ಮರದ್ದು ಇನ್ನೊಂದು ಪಾಲು. ಮೂರನೆಯದರಲ್ಲಿ ಉದ್ದನೆಯ ಅಶೋಕ. ಸೀತಾಫಲ, ರಾಮಫಲಗಳೊಡನೆ ನಾಲ್ಕನೆಯದರಲ್ಲಿ ನಮ್ಮ ಮನೋರಂಜಿನಿ, ಮರಾಠಿಯವರ ‘ಹಿರವಾ ಚಾಫಾ’. ಆ ಬಳ್ಳಿಯ ಹೂವಿಗೆ ಮಾಗಿದ ಹಣ್ಣಿನ ವಾಸನೆ ಇರುವದನ್ನು ನೀವೂ ಬಲ್ಲಿರಿ.

ಇವರ ವಯಸ್ಸನ್ನು ಕಲ್ಲುಗಳು ಹೇಳುತ್ತವೆ. ಜಪಾನದಲ್ಲಿ ಸುಮಾರು ೯ ಕೋಟಿ ವರ್ಷ ಹಳೆಯದಾದ ಈ ಮನೆತನದ ಹೂವು ಸಿಕ್ಕಿದೆ. ನಮ್ಮ ಎರಿ ಭೂಮಿ ಯಾವ ಕರಿಕಲ್ಲಿನಿಂದ ಆಯಿತೋ ಆ ಲಾವಾರಸ ಹರಿದದ್ದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಕಾಡು ಬೆಳೆದು ಮತ್ತೆ ಹೂತುಹೋಗುತ್ತಿತ್ತು. ಅಂಥ ಪದರಿನಲ್ಲಿ, ಮಧ್ಯಪ್ರದೇಶದ ಮಂಡ್ಲಾ ಕಡೆ, ಇದೇ ಮನೆತನದ್ದೆಂದು ಗುರುತಿಸಿದ ಕಲ್ಲಾದ ಕಟ್ಟಿಗೆ ದೊರೆತಿದೆ. ಸೀತಾಫಲ ಹೊರಗಿನಿಂದ ಬಂದದ್ದಾದರೂ ಅದರ ದೊಡ್ಡಪ್ಪಂದಿರು ಇಲ್ಲಿಯ ಕಲ್ಲಿಗಿಂತ ಹಳಬರು.

ಈ ಹಳೆಯ ಮನೆತನದಲ್ಲಿ ಪರಾಗ ಸಾಗಿಸುವ ಕೆಲಸ ಹೆಚ್ಚಾಗಿ ಸಣ್ಣ ದುಂಬಿ ಹುಳಗಳದು. ಜೇನನ್ನು ನಂಬಿ ಕೂತರೆ ಫಲವಿಲ್ಲ. ಹೂವು ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗುವದು. ಎಸಳಿನ ತುದಿ ತುಸುವೇ ಬಿಚ್ಚಿದಾಗ ಒಳಗೆ ಅಂಟಾಗಿರುತ್ತದೆ, ಅದು ಹೆಣ್ಣಿನ ಹೊತ್ತು. ಪೂರ್ತಿ ಬಿಚ್ಚಿ ಪುಡಿ ಉದುರುವ ವೇಳೆಗೆ ಅಂಟು ಒಣಗಿರುತ್ತದೆ. ಹೀಗಾಗಿ ಹೂವು ನೂರಾರಿದ್ದರೂ ಕಾಯಿ ಕೆಲವೇ. ಕೆಲವು ಅಂಡಕೋಶಗಳಿಗಷ್ಟೇ ಪರಾಗ ಮುಟ್ಟಿದರೆ ಆ ಮಗ್ಗಲು ಮಾತ್ರ ಉಬ್ಬಿ ಕಾಯಿ ಸೊಟ್ಟಾಗುವದು. ಪೂರ್ತಿ ಬಿಚ್ಚಿದ ಹೂಗಳ ಪುಡಿಯನ್ನು ಬೆಳಗ್ಗೆ ಒಂದು ಡಬ್ಬಿಯಲ್ಲಿ ಉದುರಿಸಿಕೊಂಡು, ಮೆತ್ತನೆಯ ಕುಂಚದಿಂದ ಅರೆಬಿಚ್ಚಿದ ಹೂವಿನೊಳಗೆ ಸುತ್ತಲೂ ಸವರಬೇಕು. ಹತ್ತು ಗಿಡ ಇದ್ದವರು ಮಾಡಿ ನೋಡಲಿ.

ಕಸಿಗೂ ನೆಂಟತನವೇ ಆಧಾರ. ಅನ್ನೋನಾಗಳಲ್ಲಿ ಪರಸ್ಪರ ಸಂಕರ ಸಾಧ್ಯ. ಬೆಂಗಳೂರಿನ ತೋಟಗಾರಿಕಾ ಸಂಶೋಧನ ಸಂಸ್ಥೆಯ ‘ಅರ್ಕಾ ಸಹನ’ ಅಂಥದೇ ಕೂಸು. ಉದ್ದನೆಯ ಅಶೋಕದ ಮೇಲೆ ಸೀತಾಫಲ ಕಟ್ಟುವ ಆಶೆ ಮಾತ್ರ ಬೇಡ.

ವಿಷವೂ ಮನೆತನದ ಆಸ್ತಿಯೇ. ಇವರ ಬೀಜ, ತೊಗಟೆ, ಎಲೆಗಳಲ್ಲಿ ಹುಳ ಕೊಲ್ಲುವ ಸತ್ವವಿದೆ. ಲಕ್ಷ್ಮಣಫಲದ ಎಲೆಯ ಕಷಾಯ ಕ್ಯಾನ್ಸರಿಗೆ ಮದ್ದೆಂದು ಮಾರುವವರಿದ್ದಾರೆ. ಮನುಷ್ಯರಲ್ಲಿ ಅದು ಸಿದ್ಧವಾಗಿಲ್ಲ. ಬದಲಾಗಿ ಗ್ವಾಡೆಲೂಪ್ ದ್ವೀಪದಲ್ಲಿ ಅದನ್ನು ಬಹುಕಾಲ ಸೇವಿಸಿದವರಲ್ಲಿ ಕೈಕಾಲು ಬಿಗಿಯುವ ನರರೋಗ ಕಂಡಿತೆಂದು ೧೯೯೯ರಲ್ಲಿ ವೈದ್ಯರು ಬರೆದರು. ನಮ್ಮಲ್ಲಿ ಹೇನಿಗೆಂದು ಮಕ್ಕಳ ತಲೆಗೆ ಸೀತಾಫಲದ ಬೀಜದ ಪುಡಿ ಹಚ್ಚುವ ರೂಢಿ ಇನ್ನೂ ಇದೆ. ಅದು ಕಣ್ಣಿಗಿಳಿದರೆ ಕಪ್ಪುಗುಡ್ಡೆಯ ಮೇಲ್ಪದರು ಸುಲಿದು ತೀವ್ರ ಉರಿಯಾಗುವದು. ಹಾಗೇನಾದರೂ ಆದರೆ ಉಜ್ಜದೆ, ತಣ್ಣೀರಿನಿಂದ ಬಹಳ ಹೊತ್ತು ತೊಳೆದು, ಅಂದೇ ಕಣ್ಣಿನ ವೈದ್ಯರಿಗೆ ತೋರಿಸತಕ್ಕದ್ದು.